ಥಾಮಸ್ ವೇಕ್ಲಿ

ಥಾಮಸ್ ವೇಕ್ಲಿ (ಜುಲೈ 11, 1795 – ಮೇ 16, 1862) ಇಂಗ್ಲೆಂಡಿನ ಶಸ್ತ್ರವೈದ್ಯರು, ಪತ್ರಿಕಾ ಸಂಪಾದಕರು, ಸಂಸತ್ ಸದಸ್ಯರು ಹಾಗೂ ಸಮಾಜ ಸುಧಾರಕರು. 1823ರಲ್ಲಿ 'ದಿ ಲ್ಯಾನ್ಸೆಟ್' ಎಂಬ ವೈದ್ಯಕೀಯ ವಾರಪತ್ರಿಕೆಯನ್ನು ಸ್ಥಾಪಿಸಿದರು. ಲಂಡನ್ನಿನ ಆಸ್ಪತ್ರೆಗಳಲ್ಲಿ ಶುಲ್ಕ ತೆತ್ತವರಿಗಷ್ಟೇ ದೊರೆಯುತ್ತಿದ್ದ ಉಪನ್ಯಾಸಗಳನ್ನು ಅಚ್ಚು ಮಾಡಿ, ದೂರದ ಊರುಗಳಲ್ಲಿ ವೃತ್ತಿನಿರತರಾಗಿದ್ದ ವೈದ್ಯರೂ ತಮ್ಮ ಕಲಿಕೆಯನ್ನು ಮುಂದುವರಿಸಲು ಸಾಧ್ಯವಾಗುವಂತೆ ಮಾಡಿದ್ದು ಇವರ ಮುಖ್ಯ ಕೊಡುಗೆಯಾಗಿದೆ.

ಬಾಲ್ಯ ಮತ್ತು ಶಿಕ್ಷಣ

ವೇಕ್ಲಿಯವರು ಡೆವನ್ ಪ್ರಾಂತ್ಯದ ಮೆಂಬರಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹೆನ್ರಿ ವೇಕ್ಲಿ ಕೃಷಿಕರು. ಹನ್ನೊಂದು ಮಕ್ಕಳಿದ್ದ ಕುಟುಂಬದಲ್ಲಿ ಥಾಮಸ್ ಗಂಡುಮಕ್ಕಳಲ್ಲಿ ಕಿರಿಯವರು. ಶಾಲಾ ಶಿಕ್ಷಣದ ನಂತರ ಟಾಂಟನ್ ಪಟ್ಟಣದಲ್ಲಿ ಔಷಧ ತಯಾರಿಸಿ ಚಿಕಿತ್ಸೆ ನೀಡುತ್ತಿದ್ದವರೊಬ್ಬರ ಬಳಿ ಅಭ್ಯಾಸಿಯಾಗಿ ಸೇರಿದರು. 1815ರಲ್ಲಿ ಲಂಡನ್ನಿಗೆ ತೆರಳಿ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳಲ್ಲಿ ವ್ಯಾಸಂಗ ಮಾಡಿ, 1817ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಸದಸ್ಯತ್ವ ಪಡೆದರು.

ವೃತ್ತಿಯ ಆರಂಭ

1820ರ ಫೆಬ್ರವರಿಯಲ್ಲಿ ಎಲಿಜಬೆತ್ ಗುಡ್‌ಚೈಲ್ಡ್ ಅವರನ್ನು ವಿವಾಹವಾದ ವೇಕ್ಲಿಯವರು ಲಂಡನ್ನಿನ ಆರ್ಗೈಲ್ ಬೀದಿಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ದುಷ್ಕರ್ಮಿಗಳು ಅವರ ಮೇಲೆ ಹಲ್ಲೆ ನಡೆಸಿದರು. ಮನೆಯೂ ಬೆಂಕಿಗೆ ಆಹುತಿಯಾಯಿತು. ಕೇಟೋ ಬೀದಿಯ ಪಿತೂರಿಗಾರರನ್ನು ಮರಣದಂಡನೆಗೆ ಒಳಪಡಿಸಿದಾಗ ಮುಸುಕು ಧರಿಸಿ ಅವರ ಶಿರಚ್ಛೇದ ಮಾಡಿದವರು ವೇಕ್ಲಿಯವರೇ ಎಂಬ ಸುಳ್ಳು ವದಂತಿಯೊಂದಿಗೆ ಈ ಹಲ್ಲೆಯನ್ನು ತಳುಕು ಹಾಕಲಾಗಿದೆ. ಮನೆಗೆ ಅವರೇ ಬೆಂಕಿ ಹಚ್ಚಿದರೆಂದು ಶಂಕಿಸಿದ ವಿಮಾ ಸಂಸ್ಥೆಯು ಪರಿಹಾರ ನೀಡಲು ನಿರಾಕರಿಸಿತು. 1821ರಲ್ಲಿ ನ್ಯಾಯಾಲಯವು ವೇಕ್ಲಿಯವರ ಪರವಾಗಿ ತೀರ್ಪು ನೀಡಿತಾದರೂ, ಅಷ್ಟರಲ್ಲಿ ಅವರ ವೃತ್ತಿ ಕುಸಿದಿತ್ತು. ಈ ಅವಧಿಯಲ್ಲಿ ಪತ್ರಕರ್ತ ವಿಲಿಯಂ ಕಾಬೆಟ್ ಅವರ ಸ್ನೇಹ ದೊರೆತು, ಅವರ ಒಲವು ಪತ್ರಿಕೋದ್ಯಮದತ್ತ ತಿರುಗಿತು.

ದಿ ಲ್ಯಾನ್ಸೆಟ್

ಪತ್ರಿಕೆಯ ಮೊದಲ ಸಂಚಿಕೆ 1823ರ ಅಕ್ಟೋಬರ್ 5ರಂದು ಪ್ರಕಟವಾಯಿತು. ಬೆಲೆ ಆರು ಪೆನ್ಸ್. ಶಸ್ತ್ರವೈದ್ಯರು ರಕ್ತ ಅಥವಾ ಕೀವು ಹೊರತೆಗೆಯಲು ಬಳಸುವ ಸಣ್ಣ ಚೂರಿಗೆ ಲ್ಯಾನ್ಸೆಟ್ ಎಂಬ ಹೆಸರಿದೆ. ಬೆಳಕನ್ನು ಒಳಬಿಡುವ ಚೂಪು ಕಮಾನಿನ ಕಿಟಕಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು.

ಆ ಕಾಲದಲ್ಲಿ ಆಸ್ಪತ್ರೆಗಳ ಪ್ರಮುಖ ಶಸ್ತ್ರವೈದ್ಯರು ನೀಡುತ್ತಿದ್ದ ಉಪನ್ಯಾಸಗಳೇ ವೈದ್ಯಶಿಕ್ಷಣದ ತಿರುಳಾಗಿದ್ದವು. ಅವುಗಳನ್ನು ಕೇಳಲು ವಿದ್ಯಾರ್ಥಿಗಳು ಶುಲ್ಕ ನೀಡಬೇಕಿತ್ತು. ವ್ಯಾಸಂಗ ಮುಗಿಸಿ ಹಳ್ಳಿಗೋ ಪಟ್ಟಣಕ್ಕೋ ಮರಳಿದ ವೈದ್ಯನಿಗೆ ಹೊಸ ಶಸ್ತ್ರಕ್ರಿಯೆಗಳನ್ನು ತಿಳಿಯುವ ದಾರಿಗಳು ವಿರಳವಾಗಿದ್ದವು. ಈ ಕೊರತೆಯನ್ನು ನೀಗಲು ಲ್ಯಾನ್ಸೆಟ್ ಪತ್ರಿಕೆಯು ಸರ್ ಆಸ್ಟ್ಲಿ ಕೂಪರ್ ಅವರ ಶಸ್ತ್ರವೈದ್ಯ ಉಪನ್ಯಾಸಗಳನ್ನು ವಾರವಾರವೂ ಪ್ರಕಟಿಸತೊಡಗಿತು. ಕೂಪರ್ ಆರಂಭದಲ್ಲಿ ಆಕ್ಷೇಪಿಸಿದರೂ, ತಮ್ಮ ಹೆಸರನ್ನು ಕೈಬಿಡಬೇಕೆಂಬ ಷರತ್ತಿನೊಂದಿಗೆ ಪ್ರಕಟಣೆಗೆ ಒಪ್ಪಿದರು. ಉಪನ್ಯಾಸಗಳ ಜೊತೆಗೆ ಆಸ್ಪತ್ರೆಗಳ ರೋಗಿಗಳ ಚಿಕಿತ್ಸೆಯ ವರದಿಗಳೂ ಪ್ರಕಟವಾಗುತ್ತಿದ್ದವು. ಚಿಕಿತ್ಸೆ ವಿಫಲವಾದ ಪ್ರಕರಣಗಳನ್ನೂ ಪತ್ರಿಕೆಯು ಮರೆಮಾಚಲಿಲ್ಲ.

ಮೊಕದ್ದಮೆಗಳು

ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಜಾನ್ ಅಬರ್ನೆಥಿ ತಮ್ಮ ಉಪನ್ಯಾಸಗಳ ಪ್ರಕಟಣೆಯ ವಿರುದ್ಧ ನ್ಯಾಯಾಲಯದ ಮೊರೆ ಹೋದರು. ಉಪನ್ಯಾಸ ಕೇಳಲು ಬಂದವನು ತನ್ನ ತಿಳಿವಳಿಕೆಗಾಗಿ ಅದನ್ನು ಬರೆದುಕೊಳ್ಳಬಹುದೇ ಹೊರತು ಲಾಭಕ್ಕಾಗಿ ಪ್ರಕಟಿಸುವಂತಿಲ್ಲ ಎಂಬ ನೆಲೆಯಲ್ಲಿ 1825ರಲ್ಲಿ ಲಾರ್ಡ್ ಎಲ್ಡನ್ ತಡೆಯಾಜ್ಞೆ ನೀಡಿದರು. ಸಾರ್ವಜನಿಕ ಆಸ್ಪತ್ರೆಯಲ್ಲಿ ಬೆಳೆದ ಜ್ಞಾನವು ಬೋಧಕನ ಸ್ವತ್ತೇ, ಇಡೀ ವೃತ್ತಿಯ ಸ್ವತ್ತೇ ಎಂಬ ಪ್ರಶ್ನೆಯನ್ನು ಈ ಮೊಕದ್ದಮೆ ಮುನ್ನೆಲೆಗೆ ತಂದಿತು.

1828ರಲ್ಲಿ ಗೈಸ್ ಆಸ್ಪತ್ರೆಯಲ್ಲಿ ಬ್ರಾನ್ಸ್‌ಬಿ ಕೂಪರ್ ಎಂಬವರು ಮೂತ್ರಕೋಶದ ಕಲ್ಲನ್ನು ತೆಗೆಯಲು ಸುಮಾರು ಒಂದು ಗಂಟೆ ತೆಗೆದುಕೊಂಡರು. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಕುಶಲ ಶಸ್ತ್ರವೈದ್ಯರು ಇದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಿದ್ದರು. ರೋಗಿಯು ಮರುದಿನ ಮೃತಪಟ್ಟನು. ಬ್ರಾನ್ಸ್‌ಬಿಯವರು ಆಸ್ಟ್ಲಿ ಕೂಪರ್ ಅವರ ಸೋದರನ ಮಗ. ಶಸ್ತ್ರಕ್ರಿಯೆಯ ವಿವರಗಳನ್ನು ಪ್ರಕಟಿಸಿದ ಪತ್ರಿಕೆಯು, ಬಂಧುತ್ವದ ಬಲದಿಂದ ಹುದ್ದೆ ದೊರೆತಿದೆ ಎಂದು ಆರೋಪಿಸಿತು. ಬ್ರಾನ್ಸ್‌ಬಿಯವರು 2000 ಪೌಂಡ್ ಪರಿಹಾರ ಕೋರಿ ಮಾನನಷ್ಟ ಮೊಕದ್ದಮೆ ಹೂಡಿದರು. ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತರೂ ಕೇವಲ 100 ಪೌಂಡ್ ವಿಧಿಸಿತು. ವೇಕ್ಲಿಯವರ ವೆಚ್ಚವನ್ನು ಬೆಂಬಲಿಗರು ಚಂದಾ ಎತ್ತಿ ಭರಿಸಿದರು.

ಸಾರ್ವಜನಿಕ ಜೀವನ

ವೇಕ್ಲಿಯವರು 1835ರಿಂದ 1852ರವರೆಗೆ ಫಿನ್ಸ್‌ಬರಿ ಕ್ಷೇತ್ರದ ಸಂಸತ್ ಸದಸ್ಯರಾಗಿದ್ದರು. ಗಡೀಪಾರಾಗಿದ್ದ ಟಾಲ್‌ಪಡಲ್‌ನ ಕೃಷಿ ಕಾರ್ಮಿಕರಿಗೆ ಕ್ಷಮಾದಾನ ನೀಡಬೇಕೆಂದು 1835ರಲ್ಲಿ ಸಂಸತ್ತಿನಲ್ಲಿ ಒತ್ತಾಯಿಸಿದರು.

ಸಂಶಯಾಸ್ಪದ ಸಾವುಗಳ ವಿಚಾರಣೆ ನಡೆಸುವ ಕರೋನರ್ ಹುದ್ದೆಗೆ ವೈದ್ಯಕೀಯ ಅರಿವು ಅಗತ್ಯವೆಂಬುದು ಅವರ ವಾದವಾಗಿತ್ತು. 1839ರಲ್ಲಿ ಪಶ್ಚಿಮ ಮಿಡ್ಲ್‌ಸೆಕ್ಸ್‌ನ ಕರೋನರ್ ಆಗಿ ಚುನಾಯಿತರಾಗಿ ಜೀವಿತಾವಧಿಯವರೆಗೂ ಮುಂದುವರಿದರು. 1846ರಲ್ಲಿ 150 ಚಾಟಿಯೇಟು ತಿಂದು ಕೆಲವು ವಾರಗಳ ನಂತರ ಮೃತಪಟ್ಟ ಫ್ರೆಡರಿಕ್ ಜಾನ್ ವೈಟ್ ಎಂಬ ಸೈನಿಕನ ಸಾವಿಗೂ ಶಿಕ್ಷೆಗೂ ಸಂಬಂಧವಿಲ್ಲವೆಂದು ಸೇನಾವೈದ್ಯರು ಹೇಳಿದ್ದರು. ವೇಕ್ಲಿಯವರ ವಿಚಾರಣೆಯಲ್ಲಿ ಪಂಚರು ಚಾಟಿಯೇಟೇ ಸಾವಿಗೆ ಕಾರಣವೆಂದು ತೀರ್ಮಾನಿಸಿದರು. ಅದೇ ವರ್ಷ ಸೇನೆಯಲ್ಲಿ ಚಾಟಿಯೇಟಿನ ಮಿತಿಯನ್ನು 50ಕ್ಕೆ ಇಳಿಸಲಾಯಿತು.

1851ರಿಂದ 1854ರವರೆಗೆ ಆರ್ಥರ್ ಹಿಲ್ ಹ್ಯಾಸಲ್ ಅವರು ಸೂಕ್ಷ್ಮದರ್ಶಕದ ನೆರವಿನಿಂದ ನಡೆಸಿದ ಆಹಾರ ಪರೀಕ್ಷೆಗಳ ಫಲಿತಾಂಶವನ್ನು ಪತ್ರಿಕೆಯು ವ್ಯಾಪಾರಿಗಳ ಹೆಸರು, ವಿಳಾಸಗಳೊಂದಿಗೆ ಪ್ರಕಟಿಸಿತು. ಬ್ರೆಡ್ಡಿನಲ್ಲಿ ಪಟಿಕ, ಕಾಫಿಯಲ್ಲಿ ಚಿಕೋರಿ ಬೆರೆಸುತ್ತಿದ್ದುದು ಬಯಲಾಯಿತು. 1860ರಲ್ಲಿ ಬ್ರಿಟನ್ ಕಲಬೆರಕೆ ತಡೆ ಕಾಯ್ದೆಯನ್ನು ಜಾರಿಗೆ ತರಲು ಈ ವರದಿಗಳು ಪ್ರೇರಣೆಯಾದವು.

ನಿಧನ ಮತ್ತು ಪ್ರಭಾವ

ವೇಕ್ಲಿಯವರು 1862ರ ಮೇ 16ರಂದು ಮಡೀರಾ ದ್ವೀಪದಲ್ಲಿ ನಿಧನರಾದರು. ಲಂಡನ್ನಿನ ಕೆನ್ಸಲ್ ಗ್ರೀನ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಅವರ ನಂತರ ಪುತ್ರ ಜೇಮ್ಸ್ ವೇಕ್ಲಿ ಸಂಪಾದಕರಾದರು. ವೈದ್ಯರ ನೋಂದಣಿಗೂ ಶಿಕ್ಷಣದ ಮಟ್ಟದ ಮೇಲ್ವಿಚಾರಣೆಗೂ ಮಂಡಳಿಯೊಂದನ್ನು ರಚಿಸಿದ 1858ರ ವೈದ್ಯಕೀಯ ಕಾಯ್ದೆಯ ಹಿಂದೆ, ವೇಕ್ಲಿಯವರೂ ಭಾಗಿಯಾಗಿದ್ದ ದೀರ್ಘಕಾಲದ ಸುಧಾರಣಾ ಚಳವಳಿಯಿತ್ತು. ಪದವಿ ಪಡೆದ ನಂತರವೂ ವೈದ್ಯರು ನಿಯತಕಾಲಿಕಗಳ ಮೂಲಕ ಕಲಿಯುತ್ತಿರಬೇಕೆಂಬ ಪರಿಪಾಠವನ್ನು ಬೆಳೆಸಿದ ಆರಂಭಿಕ ಪತ್ರಿಕೆಗಳಲ್ಲಿ ಲ್ಯಾನ್ಸೆಟ್ ಪ್ರಮುಖವಾದುದು. ಅದು ಇಂದಿಗೂ ವಾರಪತ್ರಿಕೆಯಾಗಿಯೇ ಪ್ರಕಟವಾಗುತ್ತಿದೆ.