ಸಂತ ಶಿಶುನಾಳ ಶರೀಫರು

ಶಿಗ್ಗಾವಿ ಸೀಮೆಯಲ್ಲಿ ಹುಟ್ಟುವ ಬೆಣ್ಣಿಹಳ್ಳವು ಕುಂದಗೋಳ, ನವಲಗುಂದಗಳ ಎರೆಭೂಮಿಯನ್ನು ಹಾಯ್ದು ಮಲಪ್ರಭೆಯನ್ನು ಕೂಡಿಕೊಳ್ಳುತ್ತದೆ. ಇದೇ ಸೀಮೆಯಲ್ಲಿ ಹುಟ್ಟಿ, ಈ ನಾಡಿನ ಸಂತರೊಡನೆ ತಮ್ಮ ಬಾಳನ್ನು ಬೆರೆಸಿದ ಮಹಾನುಭಾವರು ಶಿಶುನಾಳ ಶರೀಫರು.

ಶರೀಫರು 1819ರಲ್ಲಿ ಶಿಶುವಿನಹಾಳದಲ್ಲಿ ಇಮಾಮಸಾಹೇಬ, ಹಜ್ಜೂಮಾ ದಂಪತಿಗಳ ಪುತ್ರರಾಗಿ ಜನಿಸಿದರು. ಹುಲಗೂರಿನ ಖಾದರಷಾವಲಿಯವರ ಭಕ್ತರಾಗಿದ್ದ ತಂದೆ, ಮಗನಿಗೆ ರಾಮಾಯಣ, ಮಹಾಭಾರತ, ಅಲ್ಲಮಪ್ರಭುವಿನ ಕಥೆಗಳ ಸವಿಯನ್ನೂ ಉಣಿಸಿದರು. ಮುಂದೆ ಶರೀಫರು ಕೆಲಕಾಲ ಶಿಕ್ಷಕ ವೃತ್ತಿಯನ್ನು ಕೈಕೊಂಡರು. ಕುಂದಗೋಳದ ಫಾತಿಮಾ ಅವರ ಕೈಹಿಡಿದರೂ ಪತ್ನಿಯ ಅಕಾಲಮರಣದಿಂದ ಸಂಸಾರ ಬಹುಕಾಲ ಬಾಳಲಿಲ್ಲ.

ಅವರ ಬಾಳಿಗೆ ಬೆಳಕಾದವರು ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯವರು ಮುನಿದರು, ನಿಂದಿಸಿದರು. ಗುರುಶಿಷ್ಯರು ಅಗಲಲಿಲ್ಲ. ಗುರುಗಳು ಶಿಷ್ಯನ ಕೊರಳಿಗೆ ಜನಿವಾರವನ್ನೇ ತೊಡಿಸಿದರೆಂಬ ಮಾತು ಜನಮನದಲ್ಲಿ ಇಂದಿಗೂ ಉಳಿದಿದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಗುರುವಿಗೆ ತಮ್ಮನ್ನು ಒಪ್ಪಿಸಿಕೊಂಡ ಶರೀಫರು ತಮ್ಮತನವನ್ನು ಕಳೆದುಕೊಳ್ಳಲಿಲ್ಲ. ಶಿವನನ್ನು, ದೇವಿಯನ್ನು ಹಾಡಿದ ಅವರೇ ಮೊಹರಮ್ಮಿನ ಅಲಾವಿ ಪದಗಳನ್ನೂ ರಚಿಸಿದರು. ಸೋರುವ ಮಾಳಿಗೆ, ಊರಿನ ಗಿರಣಿ ಮೊದಲಾದ ನಿತ್ಯದ ವಸ್ತುಗಳಲ್ಲಿ ತತ್ತ್ವವನ್ನು ಕಂಡರು. ಮನುಷ್ಯನು ಒಂಟಿಯಾಗಿ ಪೂರ್ಣನಲ್ಲ. ಸಮುದಾಯದಲ್ಲಿ ಕರಗಿಹೋಗುವ ಬಿಂದುವೂ ಅಲ್ಲ. ಇನ್ನೊಬ್ಬರನ್ನು ವಸ್ತುವೆಂದು ಬಗೆಯದೆ ನೀನು ಎಂದು ಎದುರುಗೊಂಡಾಗಲೇ ನಾನು ಎಂಬುದು ನಿಜವಾಗಿ ಅರಳುತ್ತದೆ. 1923ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಮಾರ್ಟಿನ್ ಬ್ಯೂಬರ್ ವಿವೇಚಿಸಿದ್ದು ಈ ಸಂಬಂಧವನ್ನೇ. ಫ್ರಾನ್ಸಿನಲ್ಲಿ ಇಮ್ಯಾನುಯೆಲ್ ಮೂನಿಯೇ ವ್ಯಕ್ತಿತ್ವವಾದವೆಂಬ ಹೆಸರಿನಲ್ಲಿ ಇಂಥದೇ ವಿಚಾರವನ್ನು ಬೆಳೆಸಿದರು. ಅದಕ್ಕೂ ಮುನ್ನ ಕಳಸದ ಒಂದು ಮನೆಯಲ್ಲಿ ಅದು ಬಾಳಾಗಿ ನಡೆದಿತ್ತು.

ಈ ಸ್ನೇಹ ಗುರುವಿನ ಮನೆಗಷ್ಟೇ ಸೀಮಿತವಾಗಿರಲಿಲ್ಲ. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು, ಹುಬ್ಬಳ್ಳಿಯ ಸಿದ್ಧಾರೂಢರು ಶರೀಫರ ಒಡನಾಡಿಗಳಾಗಿದ್ದರು. ಕುಲ ಬೇರೆ, ಸಾಧನೆಯ ಹಾದಿ ಬೇರೆ. ಒಬ್ಬರು ಮತ್ತೊಬ್ಬರನ್ನು ತಮ್ಮಂತೆ ಮಾಡಲು ಹೊರಡಲಿಲ್ಲ, ದೂರವೂ ಇಡಲಿಲ್ಲ. ನವಲಗುಂದದ ನಾಗಲಿಂಗಸ್ವಾಮಿಗಳ ಮಠಕ್ಕೆ ಇಂದಿಗೂ ಎಲ್ಲ ಮತದ ಭಕ್ತರು ನಡೆದುಕೊಳ್ಳುವುದು ಆ ಪರಂಪರೆಯ ಫಲ.

1889ರಲ್ಲಿ ಶರೀಫರು ದೇಹವಿಟ್ಟರು. ಅಂತ್ಯಸಂಸ್ಕಾರದಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ತಮ್ಮ ತಮ್ಮ ವಿಧಿಗಳನ್ನು ನೆರವೇರಿಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬದುಕಿದ್ದಾಗ ಮುನಿದವರನ್ನು ಅವರು ಕೊನೆಗೆ ಒಂದೇ ಗದ್ದುಗೆಯ ಮುಂದೆ ನಿಲ್ಲಿಸಿದರು.

ಶಿಕ್ಷಕನಾಗಿದ್ದವನೂ ಒಬ್ಬ ಗುರುವಿನೆದುರು ಶಿಷ್ಯನಾಗಿ ಕುಳಿತನೆಂಬುದೇ ಶರೀಫರ ಜೀವನದ ದೊಡ್ಡ ಪಾಠ. ವಿದ್ಯಾಲಯವೆಂಬುದು ಕಲ್ಲುಮಣ್ಣಿನ ಕಟ್ಟಡವಲ್ಲ. ಹಾಗೆ ಕುಳಿತ ಇಬ್ಬರ ನಡುವಿನ ನಂಬುಗೆ.