ಮೊದಲ ಗ್ಲೈಡರ್ ಹಾರಿಸಿದ್ದು ಸಾರೋಟಿನ ಚಾಲಕನೇ? ಜಾರ್ಜ್ ಕೇಲಿ ಕಥೆಯಲ್ಲಿ ನಿಜವೆಷ್ಟು?

ಇಂಗ್ಲೆಂಡಿನ ಶ್ರೀಮಂತನೊಬ್ಬ ತಾನು ಮಾಡಿಸಿದ ಹಾರುವ ಯಂತ್ರದಲ್ಲಿ ತನ್ನ ಸಾರೋಟಿನ ಚಾಲಕನನ್ನು ಕೂರಿಸಿ ಕಣಿವೆಯ ಮೇಲೆ ತೇಲಿಬಿಟ್ಟನಂತೆ. ಆಚೆ ಬದಿಯಲ್ಲಿ ದಬ್ಬನೆ ಇಳಿದ ಚಾಲಕ, ತನ್ನನ್ನು ಇಟ್ಟುಕೊಂಡಿದ್ದು ಗಾಡಿ ಓಡಿಸಲು, ಹಾರಲು ಅಲ್ಲ ಎಂದು ಅಲ್ಲೇ ಕೆಲಸ ಬಿಟ್ಟನಂತೆ.

ಈ ಕಥೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ನಿಜವೇ? ಯಂತ್ರ ನಿಜ, ಕಣಿವೆ ನಿಜ. ಚಾಲಕನ ವಿಷಯ ಮಾತ್ರ ಅಷ್ಟು ಖಚಿತವಲ್ಲ. ನಗು ಬರಿಸುವ ಈ ಕಥೆಯ ಹಿಂದೆ ಇರುವ ವ್ಯಕ್ತಿಯ ಬದುಕನ್ನು ನಾವು ಇಲ್ಲಿ ನೋಡೋಣ. ರಸ್ತೆಯಿಲ್ಲದ ಊರಿಗೆ ವಿಮಾನದಿಂದ ಔಷಧಿ ಇಳಿಸಲು ಇಂದು ರೂಪಿಸುತ್ತಿರುವ ಅಗ್ಗದ ರಟ್ಟಿನ ಗ್ಲೈಡರ್‌ಗಳಿಗೂ ಅವರಿಗೂ ನೇರ ಸಂಬಂಧವಿದೆ.

ಯಾರು ಈ ಕೇಲಿ?

ಜಾರ್ಜ್ ಕೇಲಿ ಹುಟ್ಟಿದ್ದು 1773ರ ಡಿಸೆಂಬರ್ 27ರಂದು, ಯಾರ್ಕ್‌ಷೈರ್‌ನ ಸ್ಕಾರ್ಬರೋದಲ್ಲಿ. 18ನೇ ವಯಸ್ಸಿಗೇ ಬ್ರಾಂಪ್ಟನ್ ಎಂಬ ಹಳ್ಳಿಯ ಜಮೀನು, ಬಂಗಲೆ ಅವರ ಪಾಲಿಗೆ ಬಂದವು. ಹಣವಿತ್ತು, ಸಮಯವಿತ್ತು. ಎರಡನ್ನೂ ಅವರು ಪ್ರಯೋಗಗಳಿಗೆ ಸುರಿದರು.

ಹಾರಬೇಕಾದರೆ ಹಕ್ಕಿಯಂತೆ ರೆಕ್ಕೆ ಬಡಿಯಲೇಬೇಕು ಎಂದು ಆಗ ಬಹಳ ಜನ ನಂಬಿದ್ದರು. ಕೇಲಿ ಆ ಯೋಚನೆಯನ್ನೇ ಬದಲಿಸಿದರು. ಮೇಲೆತ್ತುವ ಕೆಲಸ ಬೇರೆ, ಮುಂದೆ ನೂಕುವ ಕೆಲಸ ಬೇರೆ ಎಂದು ಅವರು ಗುರುತಿಸಿದರು. ಎತ್ತುವುದಕ್ಕೆ ಅಲುಗಾಡದ ರೆಕ್ಕೆ ಸಾಕು. 1799ರಲ್ಲಿ ಒಂದು ಪುಟ್ಟ ಬೆಳ್ಳಿ ಬಿಲ್ಲೆಯ ಒಂದು ಬದಿಗೆ ಅಂಥ ವಿಮಾನದ ಚಿತ್ರ, ಇನ್ನೊಂದು ಬದಿಗೆ ರೆಕ್ಕೆಯ ಮೇಲೆ ಕೆಲಸ ಮಾಡುವ ಬಲಗಳ ಚಿತ್ರ ಕೆತ್ತಿಸಿದರು. ಆ ಬಿಲ್ಲೆ ಈಗ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ.

ಗಾಳಿಪಟದಿಂದ ಗ್ಲೈಡರ್

1804ರಲ್ಲಿ ಕೇಲಿ ಮಾಡಿದ ಮಾದರಿ ಗ್ಲೈಡರ್ ಸುಮಾರು 5 ಅಡಿ ಉದ್ದವಿತ್ತು. ಒಂದು ಕೋಲು, ಅದರ ಮೇಲೆ ರೆಕ್ಕೆಯಾಗಿ ಒಂದು ಗಾಳಿಪಟ, ಹಿಂದೆ ತಿರುಗಿಸಬಹುದಾದ ಬಾಲ, ಮುಂದೆ ತೂಕದ ಕಲ್ಲಿನಂತೆ ಹಿಂದೆ ಮುಂದೆ ಸರಿಸಬಹುದಾದ ಭಾರ. ಅಷ್ಟೇ. ಗುಡ್ಡದ ಮೇಲಿಂದ ಬಿಟ್ಟರೆ ಅದು ನೆಟ್ಟಗೆ ತೇಲಿ ಇಳಿಯುತ್ತಿತ್ತು. ಇದನ್ನೇ ದೊಡ್ಡದಾಗಿ ಮಾಡಿದರೆ ಆಲ್ಪ್ಸ್ ಪರ್ವತ ಇಳಿಯಲು ಹೇಸರಗತ್ತೆಗಿಂತ ಸುರಕ್ಷಿತ ವಾಹನವಾದೀತು ಎಂದು ಅವರಿಗೆ ಅನಿಸಿತ್ತು.

ಇಂಜಿನ್ ಇಲ್ಲದೆ ಇದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯ. ಇಳಿಜಾರಿನಲ್ಲಿ ಪೆಡಲ್ ತುಳಿಯದೆಯೂ ಸೈಕಲ್ ಓಡುತ್ತದಲ್ಲ, ಹಾಗೆ. ಗ್ಲೈಡರ್ ಎತ್ತರವನ್ನು ಖರ್ಚು ಮಾಡಿ ದೂರವನ್ನು ಗಳಿಸುತ್ತದೆ. 1 ಮೀಟರ್ ಇಳಿಯುವಷ್ಟರಲ್ಲಿ 6 ಮೀಟರ್ ಮುಂದೆ ಹೋಗುವ ಗ್ಲೈಡರನ್ನು 3 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರೆ, ಗಾಳಿ ಬೀಸದಿದ್ದಾಗ ಅದು 18 ಕಿಲೋಮೀಟರ್ ದೂರ ತಲುಪುತ್ತದೆ. ಸಾಮಾನ್ಯ ಪ್ಯಾರಾಚೂಟ್ ಹಾಗಲ್ಲ. ಗಾಳಿ ಒಯ್ದ ಕಡೆ ಹೋಗುತ್ತದೆ. ಬೆಟ್ಟದೂರಿಗೆಂದು ಬಿಟ್ಟ ಔಷಧಿ ಪೆಟ್ಟಿಗೆ ಹೊಳೆಗೆ ಬಿದ್ದರೆ ಯಾರಿಗೆ ಲಾಭ?

ಒಂದು ಸಾವು ಕಲಿಸಿದ ಪಾಠ

1809-10ರಲ್ಲಿ ಕೇಲಿ ತಮ್ಮ ತಿಳಿವಳಿಕೆಯನ್ನೆಲ್ಲ ಮೂರು ಕಂತುಗಳ ಲೇಖನವಾಗಿ ಪ್ರಕಟಿಸಿದರು. ಪ್ಯಾರಾಚೂಟಿನ ಆಕಾರವನ್ನು ತಲೆಕೆಳಗಾದ ಶಂಕುವಿನಂತೆ ಮಾಡಿದರೆ ಅದು ಓಲಾಡುವುದಿಲ್ಲ ಎಂಬ ಮಾತೂ ಅದರಲ್ಲಿತ್ತು.

ಅದನ್ನು ಓದಿದವರಲ್ಲಿ ರಾಬರ್ಟ್ ಕಾಕಿಂಗ್ ಎಂಬ ಚಿತ್ರಕಾರರೂ ಒಬ್ಬರು. ಅವರು ಅಂಥದ್ದೇ ಪ್ಯಾರಾಚೂಟ್ ಮಾಡಿಕೊಂಡು 1837ರ ಜುಲೈ 24ರಂದು ಲಂಡನ್ನಿನಿಂದ ಬಲೂನಿನಲ್ಲಿ ಮೇಲೇರಿದರು. ಸುಮಾರು 5,000 ಅಡಿ ಎತ್ತರದಲ್ಲಿ ಬಲೂನಿನಿಂದ ಬೇರ್ಪಟ್ಟರು. ಪ್ಯಾರಾಚೂಟಿನ ತೂಕವೇ ನೂರು ಕಿಲೋಗೆ ಹತ್ತಿರವಿತ್ತು, ಜೋಡಣೆಯೂ ದುರ್ಬಲವಾಗಿತ್ತು. ಅದು ಗಾಳಿಯಲ್ಲೇ ಮುರಿದುಹೋಯಿತು, 61 ವರ್ಷದ ಕಾಕಿಂಗ್ ಪ್ರಾಣ ಬಿಟ್ಟರು. ಕೇಲಿಯ ಮೇಲೂ ದೂರು ಬಂತು. ಆದರೆ ತಪ್ಪು ಇದ್ದದ್ದು ಆಕಾರದಲ್ಲಲ್ಲ, ತೂಕ ಮತ್ತು ಗಟ್ಟಿತನದ ಲೆಕ್ಕದಲ್ಲಿ.

ಹುಡುಗ, ಕಣಿವೆ, ಚಾಲಕ

ಕೇಲಿ ಕೆಲಸ ನಿಲ್ಲಿಸಲಿಲ್ಲ. 1849ರಲ್ಲಿ ಅವರ ಗ್ಲೈಡರ್ ಸುಮಾರು 10 ವರ್ಷದ ಹುಡುಗನೊಬ್ಬನನ್ನು ಹೊತ್ತು ಕೆಲವು ಗಜ ತೇಲಿತು. ಆ ಹುಡುಗನ ಹೆಸರು ಯಾರೂ ಬರೆದಿಡಲಿಲ್ಲ. 1852ರಲ್ಲಿ ಬಲೂನಿನಿಂದ ಕೆಳಗೆ ಬಿಡಬಹುದಾದ, ಕುಳಿತವರು ತಿರುಗಿಸಬಹುದಾದ ಗ್ಲೈಡರಿನ ವಿನ್ಯಾಸವನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಮೇಲಿಂದ ಬಿಡು, ಬೇಕಾದಲ್ಲಿ ಇಳಿಸು ಎಂಬ ಇಂದಿನ ಆಲೋಚನೆ ಆಗಲೇ ಕಾಗದದ ಮೇಲಿತ್ತು. ಆದರೆ ಆ ಲೇಖನ ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಚಾಲಕನ ಪ್ರಸಂಗ 1853ರದ್ದು ಎನ್ನುತ್ತಾರೆ. ಇದಕ್ಕೆ ಆಧಾರ ಕೇಲಿಯ ಮೊಮ್ಮಗಳ ನೆನಪು. ಚಿಕ್ಕ ಹುಡುಗಿಯಾಗಿದ್ದಾಗ ಕಂಡದ್ದನ್ನು ಆಕೆ ಹೇಳಿದ್ದು ಮುಪ್ಪಿನಲ್ಲಿ, ಸುಮಾರು 70 ವರ್ಷಗಳ ನಂತರ. ಹಾರಿದವನು ಚಾಲಕನೋ, ಮನೆಯ ಬೇರೆ ಆಳೋ, ಮೊಮ್ಮಗನೋ ಎಂಬ ಚರ್ಚೆ ಇಂದಿಗೂ ಇದೆ. ಆದರೆ ಯಂತ್ರ ಹಾರಬಲ್ಲದು ಎಂಬುದರಲ್ಲಿ ಅನುಮಾನವಿಲ್ಲ. 1970ರ ದಶಕದಲ್ಲಿ ಅದರ ಪ್ರತಿಕೃತಿಯನ್ನು ಮಾಡಿ ಅದೇ ಕಣಿವೆಯಲ್ಲಿ ಹಾರಿಸಲಾಯಿತು.

ಕೇಲಿ 1857ರ ಡಿಸೆಂಬರ್ 15ರಂದು, 84 ತುಂಬಲು ಹನ್ನೆರಡು ದಿನ ಇರುವಾಗ ತೀರಿಕೊಂಡರು.

ರಟ್ಟಿನ ಗ್ಲೈಡರ್ ಬಂತು

ಎರಡನೇ ಮಹಾಯುದ್ಧದಲ್ಲಿ ಸರಕು ಸಾಗಿಸುವ ಗ್ಲೈಡರ್‌ಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾದವು. 1944ರ ಮಾರ್ಚ್‌ನಲ್ಲಿ ಅಸ್ಸಾಮಿನ ಲಾಲಾಘಾಟ್‌ನಿಂದ ಹೊರಟವು ಸೈನಿಕರನ್ನೂ ಯಂತ್ರಗಳನ್ನೂ ಬರ್ಮಾದ ಕಾಡಿನೊಳಗೆ ಇಳಿಸಿದವು. ರಾತ್ರಿಯಲ್ಲಿ ಇಳಿಯುವಾಗ ಹಲವು ಗ್ಲೈಡರ್‌ಗಳು ನುಚ್ಚುನೂರಾದವು, ಒಳಗಿದ್ದವರಲ್ಲಿ ಹಲವರು ಸತ್ತರು.

ಈಗಿನ ವಿನ್ಯಾಸಗಳಲ್ಲಿ ಒಳಗೆ ಮನುಷ್ಯನೇ ಇಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಹಣದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅದರ್‌ಲ್ಯಾಬ್ ಕಂಪನಿ ರೂಪಿಸಿದ ರಟ್ಟಿನ ಗ್ಲೈಡರಿಗೆ ಅಪ್ಸರಾ ಎಂದು ಹೆಸರು. ಸುಮಾರು 1 ಕಿಲೋ ಸಾಮಾನು ಹೊರುತ್ತದೆ, ದಾರಿ ತೋರಿಸಲು ಪುಟ್ಟ ಎಲೆಕ್ಟ್ರಾನಿಕ್ಸ್ ಇರುತ್ತದೆ, ಇಳಿದ ಮೇಲೆ ಅಲ್ಲೇ ಬಿಟ್ಟುಬಿಡಬಹುದು. ಬೇರೆ ಕಂಪನಿಗಳು ನೂರಾರು ಕಿಲೋ ಹೊರುವ ಪ್ಲೈವುಡ್ ಗ್ಲೈಡರ್‌ಗಳನ್ನು ಪರೀಕ್ಷಿಸಿವೆ. ಹಿಂದಕ್ಕೆ ತರಬೇಕಾಗಿಲ್ಲ ಎಂದಾದರೆ ಇಂಜಿನ್ ಬೇಡ, ದುಬಾರಿ ಲೋಹವೂ ಬೇಡ. ಒಂದು ಸಲ ಸರಿಯಾಗಿ ಇಳಿದರೆ ಸಾಕು.

ಫಾರ್ವರ್ಡ್ ಮಾಡುವ ಮುನ್ನ

ಕೇಲಿ ಸ್ಥಿರ ರೆಕ್ಕೆಯ ವಿಮಾನದ ತತ್ವ ಕಂಡುಕೊಂಡರು, ಗ್ಲೈಡರ್ ಹಾರಿಸಿದರು: ನಿಜ. ಚಾಲಕ ಹಾರಿ ಕೆಲಸ ಬಿಟ್ಟ: ಒಬ್ಬರ ನೆನಪು ಮಾತ್ರ, ಸಾಬೀತಾಗಿಲ್ಲ.

ಕಥೆ ಕೇಳಿ ನಾವೂ ನಕ್ಕಿದ್ದೇವೆ. ಆದರೆ ಆ ಕಣಿವೆಯ ಮೇಲೆ ತೇಲಿದವನು ಯಾರೇ ಆಗಿರಲಿ, ಜೀವ ಒತ್ತೆಯಿಟ್ಟವನು ಅವನು. ಅವನ ಹೆಸರು ಕೂಡ ನಮಗೆ ಉಳಿದಿಲ್ಲ. ಇಂದು ಬಳಸಿ ಬಿಸಾಡುವುದು ರಟ್ಟನ್ನು ಮಾತ್ರ ಎಂಬುದೇ ಈ ಇನ್ನೂರು ವರ್ಷಗಳ ದೊಡ್ಡ ಗಳಿಕೆ.