ಅಂಗೈ ಮೇಲಿನ ಇಂಗ್ಲಿಷ್ ಪಾಠ

ಹೆಲನ್ ಕೆಲರ್ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿಯೇ ಇರುತ್ತೇವೆ. ಕಣ್ಣು ಕಾಣದ, ಕಿವಿ ಕೇಳದ ಆ ಹುಡುಗಿ ಪದವಿ ಪಡೆದಳು, ಪುಸ್ತಕಗಳನ್ನು ಬರೆದಳು. ನನಗೆ ಮಾತ್ರ ಅವಳಿಗಿಂತ ಅವಳ ಟೀಚರ್ ಆನ್ ಸಲಿವನ್ ಕಥೆಯೇ ಹತ್ತಿರ. ಹೆಲನ್‌ಗೆ ಇಂಗ್ಲಿಷ್ ಕಲಿಸಲು ಹೊರಟಾಗ ಆನ್‌ಗೆ ಈಗಿನ ನನ್ನದೇ ವಯಸ್ಸು, ಬರೀ 20.

ಆನ್ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಐರ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬ. ಚಿಕ್ಕಂದಿನಲ್ಲೇ ಟ್ರಕೋಮಾ ಬಂದು ದೃಷ್ಟಿ ಮಂಜಾಯಿತು. ತಾಯಿ ತೀರಿಕೊಂಡ ಮೇಲೆ, 1876ರಲ್ಲಿ ಅವಳನ್ನೂ ತಮ್ಮ ಜಿಮ್ಮಿಯನ್ನೂ ಟ್ಯೂಕ್ಸ್‌ಬರಿಯ ನಿರ್ಗತಿಕರ ಆಶ್ರಮಕ್ಕೆ ಸೇರಿಸಿದರು. ಕೆಲವೇ ತಿಂಗಳಲ್ಲಿ ತಮ್ಮನೂ ಹೋದ. ತಪಾಸಣೆಗೆ ಬಂದವರ ಮುಂದೆ ತನ್ನನ್ನು ಶಾಲೆಗೆ ಕಳಿಸಿ ಎಂದು ಅಂಗಲಾಚಿದ ಆ ಹುಡುಗಿ 1880ರಲ್ಲಿ ಬಾಸ್ಟನ್‌ನ ಪರ್ಕಿನ್ಸ್ ಅಂಧರ ಶಾಲೆ ಸೇರಿದಳು. ಆಗ ವಯಸ್ಸು 14, ಓದು ಬರಹ ಏನೂ ಬರುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಕಣ್ಣು ಸ್ವಲ್ಪ ಸುಧಾರಿಸಿತು. 1886ರಲ್ಲಿ ತರಗತಿಗೇ ಮೊದಲಿಗಳಾಗಿ ಹೊರಬಂದಳು.

ಮುಂದೆ? ನಮ್ಮಂತೆಯೇ ಅವಳಿಗೂ ಕೆಲಸ ಬೇಕಿತ್ತು. ಅಲಬಾಮಾದ ಕೆಲರ್ ಕುಟುಂಬ ಮಗಳಿಗೆ ಟೀಚರ್ ಹುಡುಕುತ್ತಿತ್ತು. ಆನ್ ತಿಂಗಳುಗಟ್ಟಲೆ ಸಿದ್ಧತೆ ನಡೆಸಿ, 1887ರ ಮಾರ್ಚ್ 3ರಂದು ಟಸ್ಕಂಬಿಯಾ ತಲುಪಿದಳು. ಹೆಲನ್‌ಗೆ ಆಗ ಇನ್ನೂ ಏಳು ತುಂಬಿರಲಿಲ್ಲ. ಹಟ ಮಾಡುತ್ತಿದ್ದಳು, ಎಲ್ಲರ ತಟ್ಟೆಗೂ ಕೈ ಹಾಕಿ ತಿನ್ನುತ್ತಿದ್ದಳು. ಪಾಪ ಎಂದು ಮನೆಯವರು ಸುಮ್ಮನಿರುತ್ತಿದ್ದರು. ಆನ್ ಸುಮ್ಮನಿರಲಿಲ್ಲ. ತೋಟದ ಪುಟ್ಟ ಮನೆಯಲ್ಲಿ ಎರಡು ವಾರ ಇಬ್ಬರೇ ಇದ್ದು, ಮೊದಲು ಅವಳ ನಂಬಿಕೆ ಗಳಿಸಿದಳು.

ಪಾಠವೆಂದರೆ ಬೆರಳುಗಳಿಂದ ಹೆಲನ್‌ಳ ಅಂಗೈ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಮೂಡಿಸುವುದು. ಹೆಲನ್ ಅದನ್ನು ಬೇಗನೆ ಅನುಕರಿಸಿದಳು. ಆದರೆ ಅದು ಗಿಳಿಪಾಠ. ಮಗ್ ಯಾವುದು, ನೀರು ಯಾವುದು ಎಂಬ ಗೊಂದಲ ಹೋಗಲೇ ಇಲ್ಲ. ಏಪ್ರಿಲ್ 5ರಂದು ಬೇಸತ್ತ ಹೆಲನ್ ಹೊಸ ಗೊಂಬೆಯನ್ನೇ ಒಡೆದು ಹಾಕಿದಳು. ಆನ್ ಅವಳನ್ನು ನೀರಿನ ಪಂಪ್ ಬಳಿಗೆ ಕರೆದೊಯ್ದಳು. ಒಂದು ಕೈ ಮೇಲೆ ತಣ್ಣೀರು ಸುರಿಯುತ್ತಿರಲು, ಇನ್ನೊಂದು ಕೈ ಮೇಲೆ 'ವಾಟರ್' ಎಂದು ಬರೆದಳು. ಪ್ರತಿ ವಸ್ತುವಿಗೂ ಒಂದು ಹೆಸರಿದೆ ಎಂದು ಹೆಲನ್‌ಗೆ ಹೊಳೆದದ್ದು ಆಗಲೇ. ಅವತ್ತೇ ಸುಮಾರು 30 ಹೊಸ ಪದ ಕಲಿತಳು.

ಪಂಪಿನ ಕಥೆ ಎಲ್ಲರಿಗೂ ಗೊತ್ತು. ನನಗೆ ಮುಖ್ಯವೆನಿಸುವುದು ಅದರ ಮುಂದಿನ ವಾರಗಳು. ಇಷ್ಟು ಗಂಟೆಗೆ ಇಂಥ ಪಾಠ ಎಂಬ ಕ್ರಮವನ್ನು ಆನ್ ಕೈಬಿಟ್ಟಳು. ಹೆಲನ್‌ಳ ಸಂಬಂಧಿಕರ ಪುಟ್ಟ ಮಗುವೊಂದು ಮಾತು ಕಲಿಯುವ ಬಗೆಯನ್ನು ಗಮನಿಸಿದಳು. ಮಗುವಿಗೆ ಯಾರೂ ವ್ಯಾಕರಣ ಹೇಳುವುದಿಲ್ಲ, ಅದರೊಂದಿಗೆ ಮಾತಾಡುತ್ತಾರೆ ಅಷ್ಟೆ. ಅಂದಿನಿಂದ ಆನ್ ಅಂಗೈ ಮೇಲೆ ಇಡೀ ವಾಕ್ಯಗಳಲ್ಲೇ ಮಾತಾಡತೊಡಗಿದಳು. ತೋಟದಲ್ಲಿ ಹೆಲನ್ ಏನನ್ನು ಮುಟ್ಟಿ ಕುತೂಹಲಪಟ್ಟಳೋ ಅದೇ ಅಂದಿನ ಪಾಠ. ಹೀಗಾಗಿ ಕಲಿ ಎಂದು ಒತ್ತಾಯಿಸುವ ಪ್ರಮೇಯವೇ ಬರಲಿಲ್ಲ.

1900ರಲ್ಲಿ ಹೆಲನ್ ರಾಡ್‌ಕ್ಲಿಫ್ ಕಾಲೇಜು ಸೇರಿದಾಗಲೂ ಪಕ್ಕದಲ್ಲಿ ಆನ್ ಇದ್ದಳು. ಉಪನ್ಯಾಸಗಳನ್ನು, ಪುಸ್ತಕಗಳನ್ನು ಅಂಗೈಗೆ ದಾಟಿಸುತ್ತಾ ತನ್ನ ದುರ್ಬಲ ಕಣ್ಣುಗಳನ್ನು ಸವೆಸಿದಳು. 1904ರಲ್ಲಿ ಪದವಿ ಸಿಕ್ಕಿದ್ದು ಹೆಲನ್‌ಗೆ ಮಾತ್ರ. ಕೊನೆಗಾಲದಲ್ಲಿ ಆನ್‌ಗೆ ದೃಷ್ಟಿಯೇ ಹೋಯಿತು. 1936ರ ಅಕ್ಟೋಬರ್ 20ರಂದು ಆಕೆ ತೀರಿಕೊಂಡಾಗ, ಆ ಒಬ್ಬಳೇ ವಿದ್ಯಾರ್ಥಿನಿಯೊಂದಿಗಿನ ನಂಟಿಗೆ 49 ವರ್ಷ.

ಕಾಲೇಜು ಮುಗಿಸಿ ಸಂಜೆ ನಾನೂ ಒಬ್ಬ ಹುಡುಗನಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವನಿಗೆ ಬೈಕ್ ಎಂದರೆ ಪ್ರಾಣ. ಹಾಗಾಗಿ ನಮ್ಮ ಪಠ್ಯಪುಸ್ತಕ ಬೈಕಿನ ಮ್ಯಾನ್ಯುಯಲ್. ಒಂದು ಪುಟ ಮುಗಿದರೆ ಮುಂದಿನ ಪುಟ ಅವನೇ ತಿರುಗಿಸುತ್ತಾನೆ.

ಖರ್ಚಿಗೆಂದು, ಅನುಭವಕ್ಕೆಂದು ಟ್ಯೂಷನ್ ಹೇಳುವ ಗೆಳೆಯರು ನಮ್ಮಲ್ಲಿ ಬಹಳ. ಎದುರಿಗೆ ಕೂತವರು ಆಕಳಿಸಿದರೆ ಉಪದೇಶ ಬೇಡ. ಅವರಿಗೆ ಯಾವುದರ ಮೇಲೆ ಆಸೆ ಎಂದು ಕೇಳಿ. ಪಾಠ ಅಲ್ಲಿಂದಲೇ ಶುರುವಾಗಲಿ.